ಹಕ್ಕಳಿ

ಸೊಹಾರಿನ ಕಣ್ಣಿನ ವಾರ್ಡು. ಮಧ್ಯಾಹ್ನ ಎರಡೂಕಾಲು.
ಸುಡಾನಿನ ಡಾಕ್ಟರು ಕಾಗದದ ಮೇಲೊಂದು ಉರುಟು ಬರೆದು
ಒಳಗೋಡೆಯಿಂದ ಒಂದು ಗೆರೆ ಎಳೆದು ಬಿಡಿಸಿ
"ಇನ್ಫಿಸಾಲ್" ಎಂದರು. ನನ್ನ ಮುಖ ನೋಡಿ
"ಡಿಟ್ಯಾಚ್‌ಮೆಂಟ್. ನಿಮ್ಮ ಭಾಷೆಯವನಂತೆ. ತಿಳಿಸಿ ಹೇಳಿ,
ಸಹಿ ಹಾಕಿಸಿ" ಎಂದು ಪೆನ್ನು ಕೊಟ್ಟು ಹೋದರು.

ನನ್ನ ಭಾಷೆ!
ಮನೆಯೊಳಗೆ ಕೊಂಕಣಿ, ಹೊಸ್ತಿಲಾಚೆ ಕನ್ನಡ,
ಅದೂ ಹೊನ್ನಾವರದ ಕಾನ್ವೆಂಟಿನಲ್ಲಿ ಲಲಿತಾ ಟೀಚರು
ಬೆತ್ತದ ತುದಿಯಲ್ಲಿ ಉಣಿಸಿದ್ದು.
ಸಮಾನಾರ್ಥಕ ಪದ ಬರೆಯಿರಿ, ಎರಡು ಅಂಕ:
ವೈರಾಗ್ಯ. ವಿರಕ್ತಿ, ನಿರ್ಮೋಹ, ನಿರ್ಲಿಪ್ತಿ, ಅನಾಸಕ್ತಿ.
ಎರಡೂ ಅಂಕ ಬಂದಿತ್ತು ನನಗೆ.
ಈಗ ಹಾಸಿಗೆಯ ಮೇಲಿದ್ದಾನೆ ಲಾಡ್ಲೆಸಾಬ ನದಾಫ,
ಲಿಂಗಸುಗೂರಿನ ಕಡೆಯವನು, ಕೊಳವೆಗೆ ಬೆಸುಗೆ ಹಾಕುವವನು,
ಬಲಗಣ್ಣಿಗೆ ಕಪ್ಪು ಪರದೆ ಇಳಿದಿದೆಯೆಂದು ಬಂದವನು.
ಹೇಗೆ ಹೇಳಲಿ:
ಲಾಡ್ಲೆಸಾಬ, ನಿನ್ನ ಕಣ್ಣಿಗೆ ವೈರಾಗ್ಯ ಬಂದಿದೆ?

ನಿರ್ಲಿಪ್ತಿಯೆಂದರೆ ತಾವರೆಯೆಲೆಯ ಮೇಲಿನ ನೀರು ಎಂದಿದ್ದರು ಟೀಚರು.
ನಮ್ಮ ಕೇರಿಯಲ್ಲಿ ತಾವರೆ ಇರಲಿಲ್ಲ, ಕೆಸುವಿನೆಲೆ ಇತ್ತು.
ಇಲ್ಲಿ ಅದೂ ಇಲ್ಲ. ಇಲ್ಲಿ ನೀರು ಯಾವುದರ ಮೇಲೆ ಬಿದ್ದರೂ
ಅಂಟುವ ಮೊದಲೇ ಆರುತ್ತದೆ;
ಅದನ್ನು ಯಾರೂ ವೈರಾಗ್ಯ ಎನ್ನುವುದಿಲ್ಲ.

ಸ್ಮಶಾನ ವೈರಾಗ್ಯ, ಪ್ರಸವ ವೈರಾಗ್ಯ, ಪುರಾಣ ವೈರಾಗ್ಯ,
ಹಿರಿಯರು ಎಣಿಸಿದ್ದು ಮೂರು.
ನಮ್ಮ ಹಾಸ್ಟೆಲ್ಲಿನಲ್ಲಿ ನಾಲ್ಕನೆಯದೊಂದಿದೆ, ವಿಮಾನ ವೈರಾಗ್ಯ:
ಇನ್ನು ಈ ಮರಳಿಗೆ ಕಾಲಿಟ್ಟರೆ ಕೇಳಿ ಎಂದು
ಪೆಟ್ಟಿಗೆಗೆ ಹಗ್ಗ ಬಿಗಿದು ಹೊರಡುವುದು,
ಮೂವತ್ತನೆಯ ದಿನ ಅದೇ ಹಗ್ಗ ಬಿಗಿದು ಬರುವುದು.

ನಿಘಂಟಿನಲ್ಲಿ ತುಕಡಿ ಎಂದೂ ಇದೆ. ದೊಡ್ಡ ದಂಡಿನಿಂದ
ಬೇರೆ ಮಾಡಿ ಕಳಿಸಿದ ಸಣ್ಣ ದಂಡು.
ಅದಾದರೆ ಅವನಿಗೆ ಗೊತ್ತು:
ಮಸ್ಕತ್ತಿನ ಕ್ಯಾಂಪಿನಿಂದ ಹನ್ನೊಂದು ಮಂದಿ, ಒಂದು ಬಿಳಿ ಬಸ್ಸು,
ಎರಡು ವಾರದ ಕೆಲಸವೆಂದು ಬಂದು ಹದಿನಾಲ್ಕು ತಿಂಗಳು.

ಬಿಡುಗಡೆ? ಆ ಪದಕ್ಕೆ ಇಲ್ಲಿ ಕಂಪನಿಯ ಸೀಲು ಬೇಕು.
ಬೇರ್ಪಡೆ? ಆ ಪದವಿದ್ದ ಲಕೋಟೆ
ಹೋದ ತಪಸ್ಸುಕಾಲದಲ್ಲಿ ನನ್ನ ಹೆಸರಿಗೇ ಬಂದಿತ್ತು.
ಬಾಯಿಬಿಟ್ಟು ಹೇಳಿ ಇನ್ನೂ ಅಭ್ಯಾಸವಾಗಿಲ್ಲ.

ಕೊನೆಗೆ ಆ ಉರುಟನ್ನೇ ಅವನ ಎಡಗಣ್ಣಿಗೆ ಹಿಡಿದು
"ಒಳಗಿನ ಪದರ... ಗೋಡೆಯಿಂದ..." ಎಂದು ತೊದಲುವಷ್ಟರಲ್ಲಿ
"ಓ," ಅಂದ, "ಗ್ವಾಡಿ ಸುಣ್ಣ ಹಕ್ಕಳಿ ಎದ್ದಂಗ.
ಹಕ್ಕಳಿ ಎದ್ದೈತಿ ಅನ್ರಿ ಸಿಸ್ಟರ, ಅದಕ್ಯಾಕ ಇಷ್ಟ ಒದ್ದಾಡ್ತೀರಿ.
ತಿರುಗಿ ಹಚ್ಚತಾರೇನು?"

ಹಚ್ಚುತ್ತಾರೆ. ಕಣ್ಣೊಳಗೆ ಗಾಳಿಯ ಗುಳ್ಳೆ ಬಿಡುತ್ತಾರೆ,
ಗುಳ್ಳೆ ಮೇಲೇರಿ ಪದರವನ್ನು ಗೋಡೆಗೆ ಒತ್ತುತ್ತದೆ,
ಅದಕ್ಕೆ ಹತ್ತು ದಿನ ಬೋರಲು ಮಲಗಬೇಕು,
ಗುಳ್ಳೆ ಕರಗುವ ತನಕ ವಿಮಾನ ಹತ್ತುವಂತಿಲ್ಲ.

ಆಗ ಸುಮ್ಮನಾದ.
ದಿಂಬಿನಡಿಯಿಂದ ನಾಲ್ಕು ಮಡಿಕೆಯ ಟಿಕೆಟ್ಟು ತೆಗೆದ,
ಒಂಬತ್ತನೇ ತಾರೀಖು, ಹೈದರಾಬಾದು,
ಮಡಿಕೆಯ ಗೆರೆಗಳು ಹರಿಯುವಷ್ಟು ಸವೆದಿದ್ದವು.
ಅದರ ಬೆನ್ನ ಮೇಲೆ ನನ್ನ ಪೆನ್ನಿನಿಂದಲೇ
ಸಹಿಯ ಅಭ್ಯಾಸ ಮಾಡಿದ, ಎರಡು ಸಲ.
ಆಮೇಲೆ ಆಸ್ಪತ್ರೆಯ ಕಾಗದದ ಮೇಲೆ.

ಇಂದು ಐದನೆಯ ದಿನ. ಬೋರಲಾಗಿದ್ದಾನೆ,
ಹಣೆಯ ಕೆಳಗೆ ನಾನು ಸುತ್ತಿಕೊಟ್ಟ ಟವೆಲಿನ ಸಿಂಬಿ.
"ತಪ್ಪಿಸಿದ ನಮಾಜೆಲ್ಲಾ ಒಮ್ಮೆಲೆ ವಸೂಲಾತು ನೋಡ್ರಿ,"
ನೆಲಕ್ಕೆ ಹೇಳಿ ನಗುತ್ತಾನೆ.
ಬರುವವರನ್ನೆಲ್ಲ ಚಪ್ಪಲಿಯಿಂದ ಗುರುತಿಸುತ್ತಾನೆ.

ಪಟ್ಟಿಯನ್ನು ಒಂದೇ ಏಟಿಗೆ ಕೀಳಬೇಕೆಂದು ಕಲಿಸಿದ್ದರು ನಮಗೆ,
ನೋವು ಕಡಿಮೆಯಂತೆ.
ನಾನು ನೀರು ಹಚ್ಚುತ್ತೇನೆ, ಕಾಯುತ್ತೇನೆ,
ಅಂಚಿನಿಂದ ಒಂದೊಂದೇ ನೂಲು ಬಿಡಿಸುತ್ತೇನೆ.
ಆದರೂ ಹುಬ್ಬಿನ ಎರಡು ಕೂದಲು
ಪಟ್ಟಿಯ ಜೊತೆಗೇ ಬರುತ್ತವೆ.