ಏಳು ಹನ್ನೆರಡು

ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರಿನ ಮುಂದೆ
ಈ ತಿಂಗಳು ಒಂಬತ್ತು ಕೆಂಪು ಚುಕ್ಕೆ, ಇಫ್ರಾ.
ಬೈಯಲು ಕರೆದಿಲ್ಲ. ಕೂತುಕೋ. ಕೈಗವಸು ಕಳಚು.

ಗೊತ್ತು, ಡುಲೂತ್‌ನ ಜನವರಿಗೆ ಕರುಣೆಯಿಲ್ಲ;
ಸರೋವರದ ಗಾಳಿಗೆ ಬಸ್‌ ನಿಲ್ದಾಣದ ಗಾಜೇ ನಡುಗುತ್ತದೆ.
ತಮ್ಮನಿಗೆ ಬೂಟು ತೊಡಿಸಬೇಕು, ಒಂದು ಸಿಗುವುದೇ ಇಲ್ಲ.
ಗೊತ್ತು. ನಾನೂ ಒಂದು ಕಾಲದಲ್ಲಿ
ಬಸ್ಸಿನ ಬೆನ್ನನ್ನೇ ಹೆಚ್ಚು ನೋಡಿದವಳು.

ಆದರೆ ನಾಡಿದ್ದಿನಿಂದ ನಿನಗೆ ಮೂರನೇ ಮಹಡಿ,
ಹನ್ನೆರಡನೇ ಕೋಣೆ. ಆರ್ವಿಡ್ ಲೆಹ್ಟೊ, ಎಂಬತ್ತೊಂಬತ್ತು,
ಅದಿರಿನ ಹಡಗಿನಲ್ಲೇ ದುಡಿದು ಮುದುಕನಾದವನು.
ಏಳಕ್ಕೆ ಬರುತ್ತಾರೆ ಎಂದರೆ
ಆರೂ ಮುಕ್ಕಾಲಿಗೇ ಎದ್ದು ಕೂತು
ನೀರು ಹಚ್ಚಿ ತಲೆ ಬಾಚಿಕೊಂಡಿರುತ್ತಾನೆ,
ಇರುವುದೇ ನಾಲ್ಕು ಕೂದಲು.

ಏಳು ಐದು. ಬಾಗಿಲು ನೋಡುತ್ತಾನೆ.
ಏಳು ಹತ್ತು. ಕರೆಗಂಟೆ ಒತ್ತಲು ಸಂಕೋಚ:
'ಪಾಪ, ಹುಡುಗಿಗೆ ಏನೋ ಕೆಲಸವಿರಬೇಕು.'
ಏಳು ಹನ್ನೆರಡಕ್ಕೆ
ಒಂದು ಕಾಲು ಮಂಚದಿಂದ ಕೆಳಗಿಳಿಯುತ್ತದೆ,
ಚಪ್ಪಲಿ ಹುಡುಕುತ್ತದೆ.

ಮುಂದಿನದು ನನ್ನ ಮೊದಲ ವರ್ಷದ ಕಥೆ.
ಬೇರೆ ಕೋಣೆ, ಒಬ್ಬ ಅಜ್ಜಿ.
ಆಕೆಯ ಹೆಸರು ಇಂದಿಗೂ ನನ್ನ ಬಾಯಲ್ಲಿ ಪೂರ್ತಿ ಬರುವುದಿಲ್ಲ.
ನಾನು ತಡವಾದದ್ದು ಹದಿನಾಲ್ಕೇ ನಿಮಿಷ.

ನಾಡಿ ಹಿಡಿಯುವುದು, ಮಗ್ಗುಲು ಬದಲಿಸುವುದು
ಎರಡು ವಾರದಲ್ಲಿ ಕೈಗೆ ಹತ್ತುತ್ತದೆ.
ಬರುವುದನ್ನು ಮಾತ್ರ ನಾನು ಕಲಿಸಲಾರೆ.

ಆರು ಹತ್ತರ ಬಸ್ಸು ಹಿಡಿ. ತಮ್ಮನ ಬೂಟು
ರಾತ್ರಿಯೇ ಬಾಗಿಲ ಬಳಿ ಜೋಡಿಸಿಡು, ಎರಡನ್ನೂ.
ನನ್ನ ಕೆಂಪು ಪೆನ್ನು ಮುಗಿಯುತ್ತಾ ಬಂದಿದೆ;
ಹೊಸದು ಕೊಳ್ಳುವ ಮನಸ್ಸಿಲ್ಲ.