ಖಾಲಿ ಹೊಟ್ಟೆಯಲ್ಲಿ ಬರತಕ್ಕದ್ದು

ರಾತ್ರಿ ಒಂಬತ್ತರ ಮೇಲೆ ಏನೂ ತಿನ್ನಬೇಡಿ ಎಂದಾಗ
ಯಾರೂ ತಕರಾರು ಮಾಡಲಿಲ್ಲ.
ಬೆಳಿಗ್ಗೆ ಕಾಫಿಯೂ ಬೇಡ ಎಂದದ್ದಕ್ಕೆ
ಬಾಳೆಲೆಯ ಅರ್ಧ ಊರು ಮುನಿಸಿಕೊಂಡಿತು.
ತೋಟಗಳಲ್ಲಿ ಹೂ ಬಿರಿದ ವಾರ ಅದು.
ಪಂಚಾಯಿತಿ ಹಾಲಿನ ಕಿಟಕಿ ಮುಚ್ಚಿದರೂ
ಸ್ಪಿರಿಟ್ಟಿನ ವಾಸನೆ ದಾಟಿ ಬರುತ್ತಿತ್ತು ಘಮ.

ಮತದಾರರ ಪಟ್ಟಿಯಿಂದ ಚೀಟಿ ಎತ್ತಿದ ಹೆಸರುಗಳು.
ನಮ್ಮ ಕಾಗದದಲ್ಲಿ ಇವರು 'ಸಾಮಾನ್ಯ ಜನತೆ'.
ಬೆಂಚಿನ ಮೇಲೆ ಸಾಮಾನ್ಯ ಜನತೆ ಹೀಗೆ ಕೂತಿತ್ತು:
ಕ್ಯೂರಿಂಗಿನಲ್ಲಿ ಲೆಕ್ಕ ಬರೆಯುವ ಚೋಂದಮ್ಮ,
ತೆಗೆದ ರಕ್ತದ ಟ್ಯೂಬುಗಳನ್ನೂ ಎಣಿಸುತ್ತ;
ಮೀನಿನ ಗಾಡಿಯ ಕುಂಞಾಲಿ,
'ಬೇಗ ಬಿಡಿ, ಐಸು ಕರಗುತ್ತದೆ';
ಲೈನ್ ಮನೆಯಿಂದ ಬಂದ ಎರವರ ಬೊಳ್ಚಿ,
ಎಲೆಯಡಿಕೆ ಉಗುಳಲು ಮೂರು ಸಲ ಎದ್ದವಳು;
ಸ್ಪ್ರಿಂಕ್ಲರ್ ಪೈಪು ಜೋಡಿಸುವ ಪೂವಯ್ಯ,
ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು.

ಒಬ್ಬೊಬ್ಬರಿಂದ ನಾಲ್ಕು ಟ್ಯೂಬು.
ಕೆಂಪು ಮುಚ್ಚಳ, ನೇರಳೆ, ಬೂದು, ಹಳದಿ.
ಯಂತ್ರದಲ್ಲಿ ಗಿರಗಿರ ತಿರುಗಿ ನಿಂತಾಗ
ಮೇಲೆ ಸಾರಿನಂಥ ತಿಳಿ, ಕೆಳಗೆ ಗಸಿ.
ತಿಳಿಯನ್ನು ನಂಬಬೇಡಿ.
ಎಲ್ಲೂ ನೋವಿಲ್ಲ ಅನ್ನುವವರ ಬೂದಿ ಮುಚ್ಚಿದ ಕೆಂಡ
ಅದರಲ್ಲೇ ಹೊಗೆಯಾಡುತ್ತಿರುತ್ತದೆ.
ಗಸಿಗೋ ಒಂದು ರಾತ್ರಿಯ ಉಪವಾಸ ಲೆಕ್ಕಕ್ಕಿಲ್ಲ,
ಹುತ್ತರಿಯ ಪಾಯಸದಿಂದ ಈಚಿನ ಸಿಹಿಯೆಲ್ಲ
ಅಲ್ಲಿ ಅಂಟಿಕೊಂಡು ಸಾಕ್ಷಿ ಹೇಳುತ್ತದೆ.

ಆಮೇಲೆ ಮಂಚ.
ಕತ್ತಿನಲ್ಲೊಂದು ಮಿಡಿತ, ತೊಡೆಸಂದಿನಲ್ಲೊಂದು,
ನಡುವಿನ ದೂರಕ್ಕೆ ದರ್ಜಿಯ ಟೇಪು.
ಎದೆ ಒದ್ದ ಅಲೆ ಎಷ್ಟು ಬೇಗ ಓಡಿತು?
ಸೆಕೆಂಡಿಗೆ ಏಳು ಮೀಟರ್, ಎಂಟು, ಒಂಬತ್ತು.
ಹನ್ನೊಂದು ಬಂದ ಚೋಂದಮ್ಮ ಎದ್ದು ಕೂತು
'ಫಸ್ಟ್ ನಾನೇನಾ?' ಎಂದರು.
ಈ ಓಟದಲ್ಲಿ ನಿಧಾನಕ್ಕೇ ಬಹುಮಾನ ಎಂದು
ಹೇಗೆ ಹೇಳುವುದು?

ಹೇಳಿದವನು ಪೂವಯ್ಯ, ಬೆಂಚಿನಿಂದಲೇ:
'ಹೊಸ ಹೋಸು ಪಂಪು ಒದ್ದಾಗ ಉಬ್ಬುತ್ತೆ,
ಆಮೇಲೆ ಮೆಲ್ಲಗೆ ತಾನೇ ತಳ್ಳುತ್ತೆ.
ಬಿಸಿಲಲ್ಲಿ ಬಿದ್ದು ಸೆಟೆದದ್ದು ಉಬ್ಬಲ್ಲ,
ಒದೆತವನ್ನು ಹಾಗೇ ತುದಿಗೆ ಒಯ್ದು
ಹಾಗೇ ತಂದು ಪಂಪಿಗೇ ಗುದ್ದುತ್ತೆ.
ಪಂಪು ಕೆಟ್ಟಿತು ಅಂತಾರೆ ಎಲ್ಲರೂ.
ಮೊದಲು ಕೆಟ್ಟದ್ದು ಪೈಪು.'

ನಾನು ಬರೆದುಕೊಳ್ಳಲಿಲ್ಲ. ಫಾರಮಿನಲ್ಲಿ
ಅದಕ್ಕೆ ಚೌಕವಿರಲಿಲ್ಲ.

ಇನ್ನೊಂದು ಮಾತು, ಅದಕ್ಕೂ ಚೌಕವಿಲ್ಲ.
ದಿನಾ ಜನ ಬರುವ ಮುಂಚೆ
ಯಂತ್ರ ಸರಿಯಿದೆಯೇ ಎಂದು ನೋಡಲು
ನಾನೇ ಮಂಚದ ಮೇಲೆ ಮಲಗುತ್ತೇನೆ.
ವಯಸ್ಸು ನಲವತ್ತೊಂದು.
ಮೊದಲ ದಿನ ಹತ್ತೂವರೆ ತೋರಿಸಿತು. ವೈರು ಬದಲಿಸಿದೆ.
ಎರಡನೆಯ ದಿನ ಹತ್ತೂವರೆ. ಕರೆಂಟನ್ನು ಬೈದೆ.
ಮೂರನೆಯ ದಿನ ಕಂಪನಿಗೆ ಫೋನು.
ನಾಲ್ಕನೆಯ ದಿನ ಸಹಾಯಕ ಜುನೈದನನ್ನು ಮಲಗಿಸಿದೆ,
ಅವನಿಗೆ ಇಪ್ಪತ್ತಾರು.
ಆರು ತೋರಿಸಿತು.
ಯಂತ್ರ ಸರಿಯಾಗಿಯೇ ಇತ್ತು.

ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ನಾನು ಜನತೆಯಲ್ಲ.
ಪ್ರಯೋಗದ ಅಂಕಿ ಅಳಿಸತಕ್ಕದ್ದು ಎಂಬ ನಿಯಮ.
ಅಳಿಸಿದೆ. ಗುಂಡಿ ಒತ್ತಿದರೆ ಸಾಕು,
'ಖಚಿತವೇ?' ಎಂದು ಒಮ್ಮೆ ಕೇಳುತ್ತದೆ.

ಕೊನೆಗೆ ಉಳಿದವಳು ಬೊಳ್ಚಿ.
ಅರವತ್ತೋ ಅರವತ್ತೈದೋ, ಆಧಾರಿನಲ್ಲಿ ಒಂದು,
ಅವಳ ಬಾಯಲ್ಲಿ ಒಂದು.
ಅಲೆ ಏಳೂವರೆ. ಎರಡು ಸಲ ನೋಡಿದೆ.
ಹತ್ತಿ ಒತ್ತಿಕೊಂಡು ಕೇಳಿದಳು,
'ರಕ್ತ ಏನಂತು?'
ಮೈಸೂರಿಗೆ ಹೋಗಬೇಕು, ಹದಿನೈದು ದಿನ ಎಂದೆ.
'ಅಷ್ಟು ದೂರ ಹೋಗಿ ಮಾತಾಡ್ತದಾ?
ನನ್ನ ಹತ್ತಿರ ಇದ್ದಾಗ ಒಂದು ದಿನ ಬಾಯಿ ಬಿಡಲಿಲ್ಲ.'

ಹಾಲು ಖಾಲಿಯಾಯಿತು. ಐಸ್ ಪೆಟ್ಟಿಗೆ ಜೀಪು ಸೇರಿತು.
ಜುನೈದ್ ಫ್ಲಾಸ್ಕು ತಂದು
ಬೆಲ್ಲದ ಕಾಫಿ ಲೋಟಕ್ಕೆ ಬಗ್ಗಿಸಿದ.
ತಡಿ, ನಾನಿನ್ನೂ ಖಾಲಿ ಹೊಟ್ಟೆ ಎಂದೆ.
ಯಾಕೆಂದು ಕೇಳಲಿಲ್ಲ ಅವನು.
ನನ್ನ ಮಡಚಿದ ತೋಳಿನ ಕಡೆ ನೋಡಿದ,
ಆಮೇಲೆ ಟ್ರೇ ಕಡೆ. ಅಲ್ಲಿ ಉಳಿದಿತ್ತು
ನೇರಳೆ ಮುಚ್ಚಳದ್ದೊಂದು,
ನಂಬರು ಅಂಟಿಸದ್ದು.