ಐದನೇ ಕಂತು

ಹೇಝೆಲ್ ಕಳಿಸಿದ ಪೊಟ್ಟಣ ಮಂಗಳವಾರ ಬಂತು.
ಡಬ್ಬದೊಳಗೆ ನಾಲ್ಕು ಡಿಸ್ಕು, ಮೇಲೊಂದು ಚೀಟಿ:
'ನೋಡು. ಒಬ್ಬನೇ ನೋಡಬೇಡ.'
ಒಬ್ಬನೇ ನೋಡಿದೆ.
ರಾತ್ರಿ ಪಾಳಿ ಮುಗಿಸಿ, ಬೂಟು ಕೂಡ ಬಿಚ್ಚದೆ,
ಗ್ರಿಮ್ಸ್‌ಬಿಯ ಈ ಬಾಡಿಗೆ ಕೋಣೆಯಲ್ಲಿ
ಐವತ್ತೆಂಟರ ಮೊಣಕಾಲು ಸವರುತ್ತ
ಮತ್ತೆ ಹತ್ತಿದೆ 'ಹನ್ನೊಂದನೇ ದೀಪಸ್ತಂಭ'ದ ಮೆಟ್ಟಿಲು.

ಅಯ್ಯೋ, ಇಷ್ಟೇನಾ!
ಬಾಹ್ಯಾಕಾಶದ ಗೋಡೆ ಅಲುಗುತ್ತದೆ,
ಆಚೆ ಬದಿಗೆ ಯಾರೋ ಒರಗಿ ನಿಂತಿರಬೇಕು.
ನಕ್ಷತ್ರಗಳ ಅಂಚಿನ ಆ ಮಹಾ ಸ್ತಂಭ
ಪಾತ್ರೆ ತೊಳೆಯುವ ಸೋಪಿನ ಬಾಟಲಿ, ಬೂದು ಬಣ್ಣ ಬಳಿದದ್ದು.
ಎರಡನೇ ಚಂದ್ರನಿಗೆ ದಾರವಿದೆ.
ಅನ್ಯಗ್ರಹವೆಂಬುದು ಜಲ್ಲಿ ಕ್ವಾರಿ,
ಮೂಲೆಯಲ್ಲಿ ಲಾರಿ ಚಕ್ರದ ಹಸಿ ಗುರುತು.
ದೀಪ ನಂದಿಸಲು ಬರುವ ಮಸುಕರು,
ಯಾರನ್ನು ನೋಡಿ ನಾನು ಹೇಝೆಲಳ ಜಡೆ ಕಚ್ಚಿಕೊಂಡಿದ್ದೆನೋ ಅವರು,
ಬೆನ್ನು ತಿರುಗಿಸಿದರೆ ಕುತ್ತಿಗೆಯಿಂದ ಸೊಂಟದವರೆಗೆ ಜಿಪ್ಪು.

ನಕ್ಕೆ. ನಗುತ್ತಲೇ ಇದ್ದೆ,
ಕ್ಯಾಪ್ಟನ್ ಆಸ್ಟೆಲ್ ಕಿಟಕಿಗೆ ಬರುವವರೆಗೆ.
'ದೀಪ ಉರಿಯಲಿ. ಹಡಗು ಕಾಣದಿದ್ದರೂ ಉರಿಯಲಿ.'
ಅವಳಿಗಿಂತ ಅರೆಕ್ಷಣ ಮೊದಲೇ
ನನ್ನ ತುಟಿ ಅದನ್ನು ಹೇಳಿ ಮುಗಿಸಿತ್ತು.

ಈಗ ಅವಳು ನನಗಿಂತ ಎಷ್ಟು ಚಿಕ್ಕವಳು!
ಆಗ ಕಾಣದ್ದು ಈಗ ಕಾಣುತ್ತಿದೆ:
ಮೇಜಿನ ಮೇಲೆ ಅವಳಿಡುವುದು ಎರಡು ಲೋಟ.
ಪ್ರತಿ ಕಂತಿನಲ್ಲೂ ಎರಡು.
ಒಂದನ್ನು ಕುಡಿಯುತ್ತಾಳೆ, ಇನ್ನೊಂದನ್ನು ತೊಳೆದಿಡುತ್ತಾಳೆ.
ಕಥೆಯಲ್ಲಿ ಅದರ ಮಾತೇ ಇಲ್ಲ.
ನಮ್ಮಮ್ಮ ಹಾಗೆಯೇ ಮಾಡುತ್ತಿದ್ದಳು,
ಅಪ್ಪ ಐಸ್‌ಲ್ಯಾಂಡಿನ ಕಡೆ ಬಲೆ ಬೀಸುವ ಮೂರು ಮೂರು ವಾರ.

ನಾಲ್ಕಾದ ಮೇಲೆ ಆರು.
ಐದನೇ ಕಂತಿಲ್ಲ.
ಅದೇ ಟೇಪಿನ ಮೇಲೆ ಕಂಪನಿಯವರು
ಯಾವುದೋ ಗಾಲ್ಫ್ ಪಂದ್ಯ ಹತ್ತಿಸಿಬಿಟ್ಟರಂತೆ.
ಪರದೆಯ ಮೇಲೆ ಮೂರು ಸಾಲಿನ ಕ್ಷಮಾಪಣೆ.

ಇರಲಿ. ನನ್ನ ಹತ್ತಿರ ಇದೆ.
ಬಿಸ್ಕತ್ತಿನ ಡಬ್ಬಿಯ ತಳದಲ್ಲಿ ಒಂದು ಕ್ಯಾಸೆಟ್ಟು,
ಮೇಲೆ ಹೇಝೆಲಳ ಸೊಟ್ಟ ಐದು.
ಟೀವಿಯ ಬಾಯಿಗೆ ರೆಕಾರ್ಡರು ಹಿಡಿದು
ತೋಳು ಜೋಮು ಹಿಡಿಯುವವರೆಗೆ ನಿಂತಿದ್ದೆ,
ಮನೆಮಂದಿಗೆಲ್ಲ ಉಸಿರಾಡಬಾರದೆಂದು ಕಟ್ಟಪ್ಪಣೆ ಮಾಡಿ.

ಮೊದಲು ಬರೀ ಸರಸರ, ಮರಳು ಸುರಿದ ಹಾಗೆ.
ಆಮೇಲೆ ಮಸುಕರ ಹೆಜ್ಜೆ. ಆಮೇಲೆ
'ಹ್ಯಾಡಕ್ ಆರಿಹೋಗ್ತಿದೆ ಕಣೋ.'
ಅಮ್ಮ.
'ಶ್!'
ಅದು ನಾನು, ಎಂಟು ವರ್ಷದವನು, ಅಮ್ಮನ ಮೇಲೆ ಬುಸುಗುಟ್ಟಿದವನು.

ಆಸ್ಟೆಲ್ ಕೇಳುತ್ತಾಳೆ: 'ಯಾರಲ್ಲಿ?'
ಚಿಲಕ ಸರಿದ ಸದ್ದು.
ಅದು ದೀಪಸ್ತಂಭದ್ದಲ್ಲ, ನಮ್ಮ ಮನೆಯ ಚಿಲಕ.
ಚೀಲವೊಂದು ನೆಲಕ್ಕೆ ಬಿತ್ತು, ಒದ್ದೆ ಭಾರದಲ್ಲಿ.
ಎರಡು ದಿನ ಮೊದಲೇ ಬಂದಿದ್ದಾನೆ ಅಪ್ಪ.
'ಯಾರು ಗೆಲ್ತಿದಾರೆ?'
'ಶ್!'
ಮತ್ತೆ ನಾನೇ.

ಕುರ್ಚಿ ಕಿರುಗುಟ್ಟಿತು. ಸುಮ್ಮನಾದ.
ಮೂರು ವಾರ ಗಾಳಿಯ ಜೊತೆ ಅರಚಿ ಬಂದ ಮನುಷ್ಯ
ಇಪ್ಪತ್ತು ನಿಮಿಷ ನನ್ನ ಮಾತಿಗೆ ಸುಮ್ಮನೆ ಕೂತ.
ಒಂದೇ ಒಂದು ಕೆಮ್ಮು, ಅದನ್ನೂ ಅಂಗೈಯಲ್ಲಿ ಅದುಮಿ.
ಆ ಕೆಮ್ಮಿಗೋಸ್ಕರ ಹಿಂದಕ್ಕೆ ತಿರುಗಿಸಿದೆ, ಆರು ಸಲ.

ಕೊನೆಗೆ, ಸಂಗೀತ ಏಳುವಾಗ, ಮೆಲ್ಲಗೆ ಅಮ್ಮನಿಗೆ:
'ಆ ಹೆಂಗಸು ಯಾರಿಗೆ ಕಾಯ್ತಿದಾಳೆ?'
ಟಕ್.
ಉತ್ತರ ಬರುವ ಮೊದಲೇ ಗುಂಡಿ ಒತ್ತಿದವನು ನಾನೇ,
ಕಥೆ ಮುಗಿಯಿತಲ್ಲ ಎಂದು.

ಬೆಳಗಿನ ಜಾವಕ್ಕೇ ಹೇಝೆಲಳಿಗೆ ಫೋನು ಮಾಡಿ ಕೇಳಿದೆ,
ಅಮ್ಮ ಏನಂದಳು ಆಗ, ನೆನಪಿದೆಯಾ?
ಬಹಳ ಹೊತ್ತು ಯೋಚಿಸಿದಳು. ಅವಳ ಕೆಟಲು ಕುದಿಯುವುದು ಕೇಳಿಸಿತು.
'ಏನೂ ಅನ್ನಲಿಲ್ಲ.
ಎದ್ದು ಹೋಗಿ ಹ್ಯಾಡಕ್ ಬಿಸಿ ಮಾಡಿದಳು.'